ಕಾಲುವೆಯ ಮೇಲೆ ಎರಡು ಕಂಬ

ನಮ್ಮ ಕರೂರಿನಲ್ಲಿ ಗದ್ದೆಗೆ ಹೋಗಬೇಕೆಂದರೆ ಕಾಲುವೆ ದಾಟಬೇಕು. ಸೇತುವೆ ಗೀತುವೆ ಏನೂ ಇಲ್ಲ. ಹಳೆಯ ಸಿಮೆಂಟಿನ ಕರೆಂಟ್ ಕಂಬವೊಂದನ್ನು ಅಡ್ಡ ಹಾಕಿದ್ದಾರೆ, ಅಷ್ಟೇ. ನಮ್ಮ ಅತ್ತೆ ಪಾರಮ್ಮನಿಗೆ ಅರವತ್ತೆಂಟು ವರ್ಷ. ತಲೆಯ ಮೇಲೆ ಬುತ್ತಿಗಂಟು ಇಟ್ಟುಕೊಂಡು, ಎರಡೂ ಕೈ ಬಿಟ್ಟು, ನಲವತ್ತು ವರ್ಷ ಆ ಕಂಬದ ಮೇಲೆ ಓಡಾಡಿದವರು. ಅಂಥವರು ಆವತ್ತು ನಾಟಿಗೆ ಹೊರಟಾಗ ಕಂಬದ ಮುಂದೆ ನಿಂತೇಬಿಟ್ಟರು.

“ಸರೋಜಾ, ಯಾವ ಕಂಬದ ಮ್ಯಾಲ ಹೋಗ್ಲಿ?”

“ಇರೋದ ಒಂದ ಕಂಬ. ಯಾವುದು ಅಂದ್ರ ಏನತ್ತಿ?”

“ಕಾಲ ಹತ್ರ ಒಂದ ಐತಿ. ಆ ದಂಡಿಗೆ ಹೋಗೂತನ ಎರಡು ಆಗ್ಯಾವ.”

ನನಗೆ ರೇಗಿತು. ನಾನು ಕುರುಗೋಡಿನವಳು, ಬಾಯಿ ಸ್ವಲ್ಪ ಜೋರು. “ಮುಂಜಾನಿ ಅಕ್ಕ್ಯಾಗಿನ ಕಲ್ಲು-ಹಳ್ಳು ಒಂದೂ ಬಿಡದಂಗ ಆರಿಸೀರಿ. ಈಗ ಕಂಬ ಎರಡಾತೇನು? ಕೆಲಸ ಬ್ಯಾಸರಾದ್ರ ಹಂಗಂತ ಹೇಳ್ರಿ. ಸುಳ್ಳ್ಯಾಕ ಹೇಳ್ತೀರಿ?”

ಅತ್ತೆ ಬುತ್ತಿಗಂಟು ಸರಿಮಾಡಿಕೊಂಡರು. ಹೆಜ್ಜೆ ಹಾಕಿದರು. ನಡುವೆ ಬಂದಾಗ ಅವರ ಬಲಗಾಲು ಕಂಬ ಇಲ್ಲದ ಕಡೆ ಹೋಯಿತು. ಹಿಂದೆಯೇ ಇದ್ದ ನಾನು ರಟ್ಟೆ ಹಿಡಿದು ಎಳೆದೆ. ಬುತ್ತಿಗಂಟು ನೀರಿಗೆ ಬಿತ್ತು. ಅತ್ತೆ ಕಂಬವನ್ನು ತಬ್ಬಿಕೊಂಡು ಅಲ್ಲೇ ಕೂತುಬಿಟ್ಟರು. ಆಗಲಾದರೂ ನಾನು ಸುಮ್ಮನಿರಬೇಕಿತ್ತು. ಇರಲಿಲ್ಲ, ಬುತ್ತಿ ಹೋಯಿತೆಂದು ಮತ್ತೆ ಬೈದೆ.

ಮರುದಿನದಿಂದ ಇನ್ನೊಂದು ಶುರುವಾಯಿತು. ನಾನು ಬಾಗಿಲ ಕಡೆಯಿಂದ ಬರುವುದು ಕಂಡರೆ ಸಾಕು, ಅತ್ತೆ ಸೆರಗನ್ನು ಅರ್ಧ ಮುಖಕ್ಕೆ ಎಳೆದುಕೊಳ್ಳುತ್ತಿದ್ದರು. ‘ಓಹೋ, ನನ್ನ ಮುಖ ನೋಡಲಿಕ್ಕೂ ಬೇಸರವೇ?’ ಎಂದು ನಾನೂ ಮಾತು ಬಿಟ್ಟೆ. ಒಂದೇ ಒಲೆ, ಒಂದೇ ಪಡಸಾಲೆ, ಎಂಟು ದಿನ ಮಾತಿಲ್ಲ. ಆದರೂ ಅತ್ತೆ ಕಾಲುವೆ ಕಡೆ ಹೋದರೆಂದರೆ ಮಾಡುವ ಕೆಲಸ ಬಿಟ್ಟು ಹಿತ್ತಲಿಗೆ ಓಡಿ ಇಣುಕುತ್ತಿದ್ದೆ.

ಒಂಬತ್ತನೇ ದಿನ ಆಶಾ ಕಾರ್ಯಕರ್ತೆ ನೀಲಾವತಕ್ಕ ಮಾವನ ಬಿ.ಪಿ. ನೋಡಲು ಬಂದಳು. ನಾನು ದೂರು ಹೇಳಿದೆ. “ನೋಡಕ್ಕಾ, ನನ್ನ ಕಂಡ್ರ ಸೆರಗು ಮುಚ್ಕೊಂತಾರ.”

ನೀಲಾವತಕ್ಕ ನಗಲಿಲ್ಲ. ಅಂಗಳದ ಆ ತುದಿಗೆ ಹೋಗಿ ಒಂದು ಬೆರಳು ಎತ್ತಿದಳು. “ಪಾರಮ್ಮತ್ತಿ, ಎಷ್ಟ ಬೆರಳು?”

“ಎರಡು.”

“ಎಡಗಣ್ಣು ಮುಚ್ಕೋರಿ. ಈಗ?”

“ಒಂದು.”

“ಅದನ್ನ ಬಿಟ್ಟು ಬಲಗಣ್ಣು ಮುಚ್ಕೋರಿ.”

“ಈಗೂ ಒಂದ ಐತಿ ಬೇ.”

ನೀಲಾವತಕ್ಕ ನನ್ನ ಕಡೆ ತಿರುಗಿದಳು. “ಕೇಳಿದ್ಯಾ? ಯಾವ ಕಣ್ಣು ಮುಚ್ಚಿದ್ರೂ ಒಂದ ಕಾಣ್ತೈತಿ. ಎರಡೂ ತೆರೆದ್ರ ಎರಡು. ಅಂದ್ರ ಕಣ್ಣು ಎರಡೂ ಕೂಡಿ ಒಂದ ಕಡಿ ನೋಡವಲ್ವು. ಅದಕ್ಕ ಸೆರಗಿನಿಂದ ಒಂದು ಮುಚ್ಕೊಂತಾರ. ನಿನ್ನ ಮ್ಯಾಲಿನ ಸಿಟ್ಟಿಗಲ್ಲ ತಾಯಿ, ನಿನ್ನ ಸರಿಯಾಗಿ ನೋಡಾಕ.”

ನನಗೆ ಭೂಮಿ ಬಾಯಿ ಬಿಡಬಾರದೇ ಅನ್ನಿಸಿತು.

“ಪೊರಿ ಆಪರೇಷನ್ ಆಗಿ ಎರಡು ವರ್ಷ ಆತಲ್ಲಕ್ಕಾ?” ಎಂದೆ.

“ಪೊರಿ ಬ್ಯಾರೆ, ಇದು ಬ್ಯಾರೆ. ವಯಸ್ಸಾತು ಅಂತ ಬಿಡಬ್ಯಾಡ್ರಿ. ನಾಳಿನ ಸಿರುಗುಪ್ಪಕ್ಕ ನಡೀರಿ.”

ಸಿರುಗುಪ್ಪದಲ್ಲಿ ನೋಡಿದವರು ಬಳ್ಳಾರಿಗೆ ಬರೆದುಕೊಟ್ಟರು. ಬಳ್ಳಾರಿಯ ಕಣ್ಣಿನ ಡಾಕ್ಟರು ಅರುಣಾ ಮೇಡಂ. ಅವರು ಸಕ್ಕರೆ ಕಾಯಿಲೆ, ಬಿ.ಪಿ., ಥೈರಾಯ್ಡ್ ಎಲ್ಲ ಪರೀಕ್ಷೆ ಮಾಡಿಸಿದರು. ಕೊನೆಗೆ ತಲೆ ಮತ್ತು ಕಣ್ಣಿನ ಗೂಡಿನ ಎಂಆರ್‌ಐ ಸ್ಕ್ಯಾನ್ ಆಗಬೇಕು ಎಂದರು.

ನನ್ನ ಗಂಡ ಹನುಮೇಶನಿಗೆ ಸಿಟ್ಟು ಬಂತು. “ಕೆಟ್ಟಿದ್ದು ಕಣ್ಣು. ತಲಿ ಯಾಕ ಸ್ಕ್ಯಾನ್? ಊರಾಗ ನಮ್ಮವ್ವಗ ತಲಿ ಸರಿ ಇಲ್ಲ ಅಂತಾರ.”

ಜೊತೆಗೆ ಬಂದಿದ್ದ ನೀಲಾವತಕ್ಕ ಬಿಡಲಿಲ್ಲ. “ಹನುಮೇಶಾ, ಪಂಪ್‌ಸೆಟ್ಟು ನೀರು ಎತ್ತವಲ್ದು ಅಂದ್ರ ಮೋಟಾರ್ ಒಂದ ನೋಡ್ತೀಯೇನು? ವೈರ್ ನೋಡಂಗಿಲ್ಲ? ಕಣ್ಣು ಆ ಕಡಿ ಈ ಕಡಿ ಹೊಳ್ಳಿಸೋ ನರ ಮೆದುಳಿನಿಂದ ಬರ್ತಾವ. ನರಕ್ಕ ಪೆಟ್ಟು ಬಿದ್ದೈತೋ, ಒಳಗ ಗಡ್ಡಿ ಐತೋ, ಕಣ್ಣು ಎಳಿಯೋ ಮಾಂಸಖಂಡ ಜಾರೈತೋ, ಹೊರಗಿಂದ ಹೆಂಗ ಗೊತ್ತಾಗಬೇಕು?”

ಗಡ್ಡೆ ಎಂಬ ಮಾತು ಕೇಳಿದ್ದೇ ನಾನೇ ಸ್ಕ್ಯಾನಿನ ಚೀಟಿ ಇಸಿದುಕೊಂಡೆ.

ಸ್ಕ್ಯಾನ್ ಬಾಗಿಲಲ್ಲಿ ಮತ್ತೊಂದು ಪೇಚು. ಅದು ದೊಡ್ಡ ಅಯಸ್ಕಾಂತದ ಯಂತ್ರ, ಮೈಮೇಲಿನ ಲೋಹ ಎಲ್ಲ ತೆಗೆಯಬೇಕು ಎಂದರು. ಅತ್ತೆ ಮೂಗುತಿ ತೆಗೆದರು, ಬಳೆ ತೆಗೆದರು, ಕಾಲುಂಗುರ ತೆಗೆಯುವಾಗ ಕಣ್ಣಲ್ಲಿ ನೀರು ತಂದುಕೊಂಡರು. ತಾಳಿ ಎಂದಾಗ ಮಾತ್ರ ಎದ್ದೇ ನಿಂತರು.

“ಅಯ್ಯೋ ದೇವುಡಾ! ನನ್ನ ಗಂಡ ಗುಂಡಕಲ್ಲಿನಂಗ ಅದಾನ. ನಾ ತಾಳಿ ಬಿಚ್ಚಲೇನು? ಎರಡು ಕಂಡ್ರ ಕಾಣ್ಲಿ ಬಿಡು!”

ಸೀದಾ ಬಸ್‌ಸ್ಟ್ಯಾಂಡಿಗೆ ಹೊರಟರು. ಯಾರು ಹೇಳಿದರೂ ಕೇಳಲಿಲ್ಲ. ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಕೂತಲ್ಲಿ ಕೂರಲಾಗಲಿಲ್ಲ. ಗಡ್ಡೆ ಇದ್ದರೆ? ನಾಳೆ ಮತ್ತೆ ಆ ಕಂಬದ ಮೇಲೆ ಹೋದರೆ?

ಮನೆಯಲ್ಲಿ ಮಾವ ಚಿನ್ನಪ್ಪ ಎಲ್ಲ ಕೇಳಿಸಿಕೊಂಡರು. ಅವರು ದಿನಕ್ಕೆ ಹತ್ತು ಮಾತಾಡಿದರೆ ಹೆಚ್ಚು. ಎದ್ದು ಅಡುಗೆಮನೆಗೆ ಹೋಗಿ ಒಂದು ಅರಿಶಿನ ಕೊಂಬು, ಒಂದೆಳೆ ನೂಲು ತಂದರು. ನೀಲಾವತಕ್ಕನಿಗೆ ಫೋನ್ ಹಚ್ಚಿಸಿ, “ಹತ್ತಿ ನೂಲು, ಅರಿಶಿಣ ಕೊಂಬು ನಡಿತೈತೇನವಾ?” ಎಂದರು. ಅವಳು ಸ್ಕ್ಯಾನಿನವರನ್ನು ವಿಚಾರಿಸಿ, ನಡೆಯುತ್ತದೆ ಎಂದಳು.

ಮಾವ ಅತ್ತೆಯ ಮುಂದೆ ಕೂತರು. “ಕಟ್ಟಿದಾವ ನಾನು. ಬಿಚ್ಚಾವನೂ ನಾನ. ನಮ್ಮ ಲಗ್ನದಾಗ ಬಂಗಾರ ಎಲ್ಲಿತ್ತು ಪಾರೀ? ಅರಿಶಿಣ ಕೊಂಬು ಕಟ್ಟಿ ಕರಕೊಂಬಂದೆ. ಅದನ್ನ ಕಟ್ತೀನಿ. ತಾಳಿ ಉಳಿಸ್ಕೊಂಡು ನಿನ್ನ ಕಾಲುವಿಗೆ ಕಳಕೋ ಅಂದ್ರ ನಾ ಒಲ್ಲೆ.”

ಅತ್ತೆ ಕತ್ತು ಬಗ್ಗಿಸಿದರು.

ಮರುವಾರ ಮಾವನೂ ಬಳ್ಳಾರಿಗೆ ಬಂದರು, ಸ್ಕ್ಯಾನ್ ಆಯಿತು. ಸುಮಾರು ಅರ್ಧ ಗಂಟೆ. ಅಲುಗಾಡದೆ ಮಲಗಬೇಕು, ಅಷ್ಟೇ. ಸೂಜಿ ಚುಚ್ಚಲಿಲ್ಲ, ನೋವಿಲ್ಲ. “ಒಳಗ ಅಕ್ಕಿ ಮಿಲ್ಲು ನಡಿಸ್ಯಾರ, ಏನು ಸಪ್ಪಳ ಬೇ!” ಎಂದು ಅತ್ತೆ ನಗುತ್ತಾ ಬಂದರು. ನನಗೆ ಮಾತ್ರ ನಗು ಬರಲಿಲ್ಲ. ವರದಿ ಬರುವತನಕ ಮಾವ ಟವೆಲ್ ಮಡಚುವುದು, ಬಿಚ್ಚುವುದು. ಹನುಮೇಶ ಮೂರು ಸಲ ಚಹಾಕ್ಕೆ ಹೋಗಿ ಕುಡಿಯದೇ ಬಂದ. ನಾನು ಬಾಗಿಲು ತೆರೆದಾಗಲೆಲ್ಲ ಎದ್ದು ನಿಲ್ಲುತ್ತಿದ್ದೆ. ಸುಳ್ಳು ಹೇಳ್ತೀರಿ ಎಂದಿದ್ದೆನಲ್ಲ, ಆ ಮಾತೇ ಮತ್ತೆ ಮತ್ತೆ ನೆನಪಾಗುತ್ತಿತ್ತು.

ಅರುಣಾ ಮೇಡಂ ಕಂಪ್ಯೂಟರಿನಲ್ಲಿ ಚಿತ್ರ ತೋರಿಸಿದರು. “ಗಡ್ಡಿ ಇಲ್ಲ. ನರ ಚೆನ್ನಾಗದಾವ. ಇಲ್ನೋಡ್ರಿ, ಕಣ್ಣಿನ ಪಕ್ಕದ ಮಾಂಸಖಂಡ. ಇದನ್ನ ಹಿಡಿದಿಡೋ ಪಟ್ಟಿ ವಯಸ್ಸಿಗೆ ಸಡಿಲಾಗಿ, ಹಳೇ ಮಂಚದ ನವಾರು ಜೋತು ಬಿದ್ದಂಗ ಕೆಳಗ ಜಾರೈತಿ. ಅದಕ್ಕ ದೂರದ್ದು ಎರಡಾಗಿ ಕಾಣ್ತೈತಿ. ಹತ್ರದ್ದು ಸರಿ ಕಾಣ್ತೈತಿ.”

ಅಕ್ಕಿಯ ಹಳ್ಳು ಕಂಡಿದ್ದೂ ನಿಜ, ಎರಡು ಕಂಬ ಕಂಡಿದ್ದೂ ನಿಜ!

ಪ್ರಿಸಂ ಎಂಬ ವಿಶೇಷ ಗಾಜಿನ ಕನ್ನಡಕ ಬರೆದುಕೊಟ್ಟರು. ಅದು ಸಾಲದಿದ್ದರೆ ಮುಂದೆ ಚಿಕ್ಕ ಆಪರೇಷನ್ ಇದೆ ಎಂದರು. ಅಷ್ಟರಲ್ಲಿ ಹನುಮೇಶ ಕಂಬದ ಪಕ್ಕ ಹಿಡಿದುಕೊಳ್ಳಲು ಬಿದಿರು ಕಟ್ಟಿದ.

ಕನ್ನಡಕ ಬಂದ ಮರುದಿನ ನಾನು ಮೊದಲೇ ದಾಟಿ ಆ ದಂಡೆಯಲ್ಲಿ ನಿಂತೆ. ಅತ್ತೆ ಕನ್ನಡಕ ಹಾಕಿಕೊಂಡು ಊರ ಕಡೆಯ ದಂಡೆಯಲ್ಲಿ ನಿಂತರು.

“ಎಷ್ಟ ಅದಾವತ್ತಿ?”

ಅತ್ತೆ ಕಂಬ ನೋಡಲೇ ಇಲ್ಲ, ನನ್ನನ್ನೇ ನೋಡಿದರು. “ಇಷ್ಟು ದಿನ ಆ ದಂಡಿಗೆ ಇಬ್ಬರು ಸೊಸಿಯರು ನಿಂತು ಬೈತಿದ್ರು. ಈಗ ಒಬ್ಬಾಕಿ ಅದಾಳ. ಒಬ್ಬಾಕಿನ್ನ ಹೆಂಗಾರ ತಡಕೋಬಹುದು ಬಿಡು!”

ಬಿದಿರು ಹಿಡಿದು ದಾಟಿ ಬಂದರು. ಅವರ ಸೆರಗು ಹೆಗಲ ಮೇಲೆಯೇ ಇತ್ತು. ನಾನು ಅವರ ಕೈ ಹಿಡಿದು ಅತ್ತುಬಿಟ್ಟೆ.

ಅಕ್ಕತಂಗಿಯರೇ, ಅಣ್ಣಂದಿರೇ, ಇವತ್ತೇ ನಿಮ್ಮ ಮನೆಯ ಹಿರಿಯರ ಮುಂದೆ ಹತ್ತು ಹೆಜ್ಜೆ ದೂರ ನಿಂತು ಒಂದು ಬೆರಳು ಎತ್ತಿ, ಎಷ್ಟು ಎಂದು ಕೇಳಿ. ಎರಡು ಎಂದರೆ ಕಣ್ಣಿನ ಡಾಕ್ಟರ ಹತ್ತಿರ ಕರೆದೊಯ್ಯಿರಿ. ಸ್ಕ್ಯಾನ್ ಎಲ್ಲರಿಗೂ ಬೇಕಾಗುವುದಿಲ್ಲ. ಬೇಕು ಎಂದರೆ ಹೆದರಬೇಡಿ. ಮೈಯೊಳಗೆ ಪೇಸ್‌ಮೇಕರ್, ರಾಡು, ಯಾವ ಲೋಹವಿದ್ದರೂ ಮೊದಲೇ ಹೇಳಿ. ಆದರೆ ಇದ್ದಕ್ಕಿದ್ದಂತೆ ಎರಡು ಕಂಡರೆ, ಜೊತೆಗೆ ಜೋರು ತಲೆನೋವು ಬಂದರೆ, ರೆಪ್ಪೆ ಇಳಿಬಿದ್ದರೆ, ಮಾತು ತೊದಲಿದರೆ, ಕೈಕಾಲು ಸೋತರೆ ಒಂದು ಗಳಿಗೆಯೂ ಕಾಯಬೇಡಿ, ದೊಡ್ಡ ಆಸ್ಪತ್ರೆಗೆ ಓಡಿ.

ಒಂದು ಮಾತು ಮಾತ್ರ ಮರೆಯಬೇಡಿ. ಹಿರಿಯರು ಎರಡು ಕಾಣುತ್ತದೆ ಎಂದರೆ ಸುಳ್ಳು ಎನ್ನಬೇಡಿ. ನಾನು ಅಂದಿದ್ದೆ.