ಹಳದಿ ಬಿಲ್ಲೆಯನ್ನು ನಂಬದ ಕೊಳವೆ

ನಾನು ಒಂದು ಎಂಡೋಸ್ಕೋಪ್. ಜನ ನನ್ನನ್ನು ಪೈಪು ಎನ್ನುತ್ತಾರೆ. ಬೆರಳ ಗಾತ್ರದ ಕಪ್ಪು ಮೈ, ಗಜಕ್ಕಿಂತ ತುಸು ಹೆಚ್ಚು ಉದ್ದ, ತುದಿಯಲ್ಲಿ ಒಂದು ಕಣ್ಣು ಮತ್ತು ದೀಪ. ದೂರದ ದೇಶದ ಕಾರ್ಖಾನೆಯೊಂದರಲ್ಲಿ ಹುಟ್ಟಿದೆ. ಅಲ್ಲಿ ಕೆಲಸ ಮಾಡುವವರೆಲ್ಲ ಮುಖ ಮುಚ್ಚಿಕೊಂಡಿರುತ್ತಿದ್ದರು. ಹೆತ್ತವರ ಮುಖವನ್ನೇ ಕಾಣದವನಿಗೆ ಬೇರೆಯವರ ಮೇಲೆ ನಂಬಿಕೆ ಹೇಗೆ ಬಂದೀತು? ಅನುಮಾನ ನನ್ನ ಹುಟ್ಟುಗುಣ.

ಮೊದಲ ಏಳು ವರ್ಷ ಹುಬ್ಬಳ್ಳಿಯ ದೊಡ್ಡ ಆಸ್ಪತ್ರೆಯಲ್ಲಿ ದುಡಿದೆ. ನನ್ನ ವಿದ್ಯೆಯೆಲ್ಲ ಅಲ್ಲಿಯದು. ಹಿರಿಯ ಡಾಕ್ಟರು ನನ್ನನ್ನು ಹೊಟ್ಟೆಯೊಳಗೆ ಬಿಟ್ಟು, ಪರದೆ ತೋರಿಸಿ ಹುಡುಗರಿಗೆ ಪಾಠ ಹೇಳುತ್ತಿದ್ದರು. ತಿರುಪಿನ ಹಾಗೆ ಸುರುಳಿ ಸುತ್ತಿದ ಒಂದು ಬ್ಯಾಕ್ಟೀರಿಯಾ ಇದೆಯಂತೆ. ಜಠರದ ಆಮ್ಲದಲ್ಲಿ ಬೇರೆ ಕ್ರಿಮಿ ಸಾಯುವಾಗ ಇದು ತನ್ನ ಸುತ್ತಲಿನ ಹುಳಿಯನ್ನು ತಾನೇ ಕಡಿಮೆ ಮಾಡಿಕೊಂಡು ಒಳಗೋಡೆಗೆ ಅಂಟಿ ಕೂರುತ್ತದೆ. ಸಾಮಾನ್ಯವಾಗಿ ಚಿಕ್ಕಂದಿನಲ್ಲೇ ಬಂದು ಸೇರುತ್ತದೆ. ಮೈ ಅದರೊಡನೆ ಕಾದಾಡುತ್ತದೆ, ಅದೇ ಉರಿಯೂತ. ಕಾದಾಟ ಹತ್ತಿಪ್ಪತ್ತು ವರ್ಷ ನಡೆದರೆ ಗೋಡೆ ಸವೆಯುತ್ತದೆ, ಕೆಲವರಲ್ಲಿ ಅದರ ಜಾತಿಯೇ ಬದಲಾಗಿ ಕರುಳಿನ ಗೋಡೆಯಂತಾಗುತ್ತದೆ, ಅವರಲ್ಲೂ ಕೆಲವರಿಗೆ ಕ್ಯಾನ್ಸರ್ ಆಗುತ್ತದೆ. ಎಲ್ಲರಿಗೂ ಆಗುವುದಿಲ್ಲ, ಹೆಚ್ಚಿನವರಿಗೆ ಏನೂ ಆಗುವುದಿಲ್ಲ ಎಂದು ಅವರು ಒತ್ತಿ ಹೇಳುತ್ತಿದ್ದರು. ನನಗೆ ಆ ಸಮಾಧಾನವೂ ಅನುಮಾನವೇ. ಯಾರಿಗೆ ಆಗುತ್ತದೆ ಎಂದು ಯಾರೂ ಹೇಳಲಿಲ್ಲವಲ್ಲ.

ಆಮೇಲೆ ಹೊಸ ಪೈಪು ಬಂತು. ದಲ್ಲಾಳಿಯೊಬ್ಬ ನನ್ನನ್ನು ಗದಗಿನ ಸಣ್ಣ ಆಸ್ಪತ್ರೆಗೆ ಮಾರಿದ. ಹೆಚ್ಚು ಓಡಿಲ್ಲ ಎಂದು ನನ್ನ ಎದುರಿಗೇ ಹೇಳಿದ. ಕೊಂಡವರು ಡಾಕ್ಟರ್ ಮಂದಾಕಿನಿ ಹೊಂಬಳ. ಒಳ್ಳೆಯವರು, ಆದರೆ ಬಿಡುವಿಲ್ಲದವರು. ನನ್ನನ್ನು ತೊಳೆದು ಒರೆಸಿ ಬೀರುವಿನಲ್ಲಿ ತೂಗುಹಾಕುವವನು ಟೆಕ್ನಿಷಿಯನ್ ದಾವಲಸಾಬ. ಅವನು ಸರಿಯಾಗಿ ತೊಳೆಯುತ್ತಾನೋ ಇಲ್ಲವೋ ಎಂದು ವರ್ಷವಿಡೀ ಕಾದು ನೋಡಿದೆ. ತೊಳೆಯುತ್ತಿದ್ದ.

ಒಂದು ಬೆಳಿಗ್ಗೆ ಗುರಬಸವ್ವ ಬಂದಳು. ಬಸ್‌ಸ್ಟ್ಯಾಂಡಿನ ಹಿಂದೆ ಖಾನಾವಳಿ ನಡೆಸುವವಳು, ಐವತ್ತು ದಾಟಿದವಳು. ಅಣ್ಣ ಹೊಟ್ಟೆಯ ಕ್ಯಾನ್ಸರಿನಲ್ಲಿ ತೀರಿಕೊಂಡಿದ್ದ. ತಾಯಿಗೂ ಅದೇ ಬಂದೀತೆಂಬ ಹೆದರಿಕೆಯಿಂದ ಮಗಳು ಶಕುಂತಲಾ ಅವಳನ್ನು ಕರೆತಂದಿದ್ದಳು. ದಾವಲಸಾಬ ಎಲ್ಲ ರೋಗಿಗಳನ್ನೂ ಕೇಳುವಂತೆ ಅವಳನ್ನೂ ಕೇಳಿದ, ಗುಳಿಗಿ ಏನಾದರೂ ನುಂಗುತ್ತೀರಾ ಎಂದು. ಇಲ್ಲ ಎಂದಳು.

ಒಳಗೆ ಹೋಗಿ ನೋಡಿದೆ. ಗೋಡೆ ಕೆಂಪಗೆ, ಅಲ್ಲಲ್ಲಿ ಪೇಲವ. ಡಾಕ್ಟರು ನನ್ನ ಚಿಮುಟದಿಂದ ಚೂರು ತೆಗೆದು ಹಳದಿ ಬಿಲ್ಲೆಯಲ್ಲಿ ಇಟ್ಟರು. ಆ ಕ್ರಿಮಿ ಇದ್ದರೆ ಬಿಲ್ಲೆ ಗುಲಾಬಿ ಬಣ್ಣಕ್ಕೆ ತಿರುಗಬೇಕು. ಗಂಟೆಗಟ್ಟಲೆ ಕಾದರೂ ಹಳದಿ ಹಳದಿಯಾಗಿಯೇ ಇತ್ತು. ಇಷ್ಟು ಕೆಂಪಾದ ಗೋಡೆಗೆ ಕಾರಣವೇ ಇಲ್ಲವೇ? ಬೆಳ್ಳಗಿರುವುದೆಲ್ಲ ಹಾಲಲ್ಲ. ಆದರೆ ನನಗೆ ಕಣ್ಣು ಕೊಟ್ಟವರು ಬಾಯಿ ಕೊಡಲಿಲ್ಲ. ಕ್ರಿಮಿ ಇಲ್ಲ, ಖಾರ ಕಡಿಮೆ ಮಾಡಿ, ವರ್ಷ ಬಿಟ್ಟು ಬನ್ನಿ ಎಂದರು ಡಾಕ್ಟರು. ನಾನೂ ಖಾರವನ್ನೇ ಶಂಕಿಸಿದೆ, ಖಾನಾವಳಿಯ ಕೆಂಪು ಚಟ್ನಿಯನ್ನು ಬೈದುಕೊಂಡೆ.

ಕ್ರಿಮಿ ಇಲ್ಲವೆಂದ ಮೇಲೆ ವರ್ಷಕ್ಕೆ ಯಾರು ಬರುತ್ತಾರೆ? ಅವಳು ಬಂದದ್ದು ಎರಡು ವರ್ಷ ಕಳೆದು, ಒಬ್ಬಳೇ, ಸೊರಗಿ. ಮಲಗುವ ಮೊದಲು ಸೊಂಟದ ಸಂಚಿಯನ್ನು ಬಿಚ್ಚಿ ದಾವಲಸಾಬನ ಕೈಗೆ ಕೊಟ್ಟಳು. ಅದರಿಂದ ಎಲೆಯಡಿಕೆಯ ಜೊತೆ ಅರ್ಧ ಖಾಲಿಯಾದ ಮಾತ್ರೆಯ ಹಾಳೆ ಜಾರಿ ಬಿತ್ತು.

"ಗುಳಿಗಿ ನುಂಗಂಗಿಲ್ಲ ಅಂದಿದ್ರಲ್ಲಬೇ. ಇದೇನಿದು?"

"ಅದೇನ್ ಗುಳಿಗಿ ಏನಪಾ, ಗ್ಯಾಸಿಂದು. ದಿನಾ ಚಾದ ಮುಂಚೆ ಒಂದು ಬಾಯಾಗ ಒಗಿತೀನಿ. ಹತ್ತು ವರ್ಷ ಆತು. ಇವತ್ತೂ ಒಗದಽ ಬಂದೀನಿ."

ಡಾಕ್ಟರು ಕೈಯಲ್ಲಿದ್ದ ನನ್ನನ್ನು ಕೆಳಗಿಟ್ಟರು. ಆ ಮಾತ್ರೆ ಆಮ್ಲವನ್ನು ತಗ್ಗಿಸುತ್ತದೆ, ಕ್ರಿಮಿಯನ್ನು ಕೊಲ್ಲುವುದಿಲ್ಲ. ಅದನ್ನು ಮಂಕಾಗಿಸಿ ಮೂಲೆಗೆ ತಳ್ಳುತ್ತದೆ, ಬಿಲ್ಲೆಯ ಕಣ್ಣಿಗೆ ಮಣ್ಣೆರಚುತ್ತದೆ. ಅಂಗಡಿಯಲ್ಲಿ ಚೀಟಿಯಿಲ್ಲದೆ ಸಿಗುವುದನ್ನು ಈ ಊರಿನಲ್ಲಿ ಯಾರೂ ಔಷಧಿ ಎಂದು ಎಣಿಸುವುದಿಲ್ಲ. ಗುರಬಸವ್ವ ಸುಳ್ಳು ಹೇಳಿರಲಿಲ್ಲ. ನನಗೆ ನಾಚಿಕೆಯಾಯಿತು. ಲೋಕವನ್ನೆಲ್ಲ ಅನುಮಾನಿಸಿದ ನಾನು, ದಾವಲಸಾಬ ಕೇಳಿದ ಪ್ರಶ್ನೆಯನ್ನು ಮಾತ್ರ ಅನುಮಾನಿಸಿರಲಿಲ್ಲ.

ಹದಿನೈದು ದಿನ ಮಾತ್ರೆ ಬಿಟ್ಟು ಬರಲು ಹೇಳಿದರು. ಎದೆಯುರಿಯಲ್ಲಿ ಬೆಂದು ಬಂದಳು. ಈ ಸಲ ಬಿಲ್ಲೆ ಐದೇ ನಿಮಿಷದಲ್ಲಿ ಗುಲಾಬಿಯಾಯಿತು. ಗೋಡೆಯ ಜಾತಿ ಬದಲಾಗಿತ್ತು, ಕೆಳಭಾಗದಲ್ಲಿ ಹೆಸರುಕಾಳಿನಷ್ಟು ಉಬ್ಬು. ಅದರ ಚೂರನ್ನು ಕಿತ್ತು ತಂದವನು ನಾನೇ. ಲ್ಯಾಬಿನಿಂದ ಕ್ಯಾನ್ಸರ್ ಎಂದು ಬಂತು. ಡಾಕ್ಟರು ಚೀಟಿಯನ್ನು ಎರಡು ಸಲ ಓದಿ, ತಾವಾಗಿಯೇ ಹೇಳಿದರು.

"ತಪ್ಪು ನಂದೈತಿ. ಗ್ಯಾಸಿನ ಗುಳಿಗಿ ಅಂತ ಹೆಸರು ಹಿಡದು ಕೇಳಬೇಕಿತ್ತು ನಾನು."

ಹುಬ್ಬಳ್ಳಿಯಲ್ಲಿ ಅವಳ ಅರ್ಧಕ್ಕಿಂತ ಹೆಚ್ಚು ಜಠರ ತೆಗೆದರು. ಹಬ್ಬುವ ಮೊದಲೇ ಸಿಕ್ಕಿದ್ದರಿಂದ ಉಳಿದಳು. ಈಗ ಒಂದು ರೊಟ್ಟಿಯನ್ನು ಮೂರು ಹೊತ್ತು ಉಣ್ಣುತ್ತಾಳೆ ಎಂದು ದಾವಲಸಾಬ ನನ್ನನ್ನು ತೊಳೆಯುತ್ತ ಹೇಳಿದ.

ತಿಂಗಳುಗಳು ಕಳೆದ ಮೇಲೆ ಅವಳು ಮಗಳನ್ನು ಕರೆತಂದಳು. ಶಕುಂತಲಾಳ ಗೋಡೆಯೂ ಕೆಂಪು, ಬಿಲ್ಲೆಯೂ ಗುಲಾಬಿ. ಪುಣ್ಯಕ್ಕೆ ಗೋಡೆಯಿನ್ನೂ ಬದಲಾಗಿರಲಿಲ್ಲ. ಗುರಬಸವ್ವ ಬಾಗಿಲಿಗೆ ಒರಗಿ ಕೇಳಿದಳು.

"ಹಲ್ಲು ಬರೂತನಕ ರೊಟ್ಟಿ ಅಗದು ಅಗದು ತಿನಿಸೀನ್ರಿ ಅಕಿಗೆ. ನನ್ನ ಬಾಯಿಂದಽ ಹೋತೇನ್ರಿ?"

ಎಲ್ಲಿಂದ ಬಂತೆಂದು ಯಾರೂ ಹೇಳಲಾರರು, ನೀರಿನಿಂದಲೂ ಬಂದಿರಬಹುದು ಎಂದರು ಡಾಕ್ಟರು. ಅವಳು ನಂಬಲಿಲ್ಲ. ನಂಬದವರ ಮುಖ ನನಗೆ ಗೊತ್ತು. ಮೊದಲ ಬಾರಿಗೆ ಅನುಮಾನ ನನಗೆ ಕೆಟ್ಟದ್ದೆನಿಸಿತು.

ಮಗಳಿಗೆ ಎರಡು ವಾರ ಕ್ರಿಮಿ ಕೊಲ್ಲುವ ಮಾತ್ರೆ ಕೊಟ್ಟರು. ಆರು ವಾರ ಕಳೆದು ಮತ್ತೆ ಪರೀಕ್ಷೆ, ಅದಕ್ಕೆ ಮುಂಚಿನ ಹದಿನೈದು ದಿನ ಗ್ಯಾಸಿನ ಗುಳಿಗಿ ಕೂಡದು. ಉಸಿರು ಊದಿಸಿ ಕ್ರಿಮಿ ಪತ್ತೆ ಮಾಡುವ ಯಂತ್ರ ಊರಿನಲ್ಲಿರಲಿಲ್ಲ, ಆದ್ದರಿಂದ ನನ್ನದೇ ಸರದಿ. ಆಗಲೇ ನನ್ನ ಕಣ್ಣು ಮಂಜಾಗಿತ್ತು. ಅದೇ ನನ್ನ ಕೊನೆಯ ಕೆಲಸವಾಯಿತು. ಈಗ ಉಪಯೋಗಕ್ಕೆ ಬಾರದ ಸಾಮಾನಿನ ಕೋಣೆಯಲ್ಲಿ, ಮುರಿದ ಸ್ಟ್ರೆಚರಿನ ಪಕ್ಕ ಸುರುಳಿ ಸುತ್ತಿಕೊಂಡು ಕೂತಿದ್ದೇನೆ. ನನ್ನನ್ನು ರಿಪೇರಿಗೆ ಕಳಿಸುತ್ತೇವೆ ಎನ್ನುತ್ತಾರೆ, ನಾನು ನಂಬುವುದಿಲ್ಲ. ಇಲ್ಲಿ ಮಾಡಲು ಕೆಲಸವಿಲ್ಲ, ಆ ದಿನವನ್ನೇ ಮತ್ತೆ ಮತ್ತೆ ನೆನೆಯುತ್ತೇನೆ.

ಅಂದು ಬಿಲ್ಲೆಯನ್ನು ಮೇಜಿನ ಮೇಲಿಟ್ಟು ಎಲ್ಲರೂ ಕಾದರು. ಹಳದಿ. ಮಧ್ಯಾಹ್ನವಾಯಿತು, ಆಗಲೂ ಹಳದಿ. ಯಾರೂ ನಗಲಿಲ್ಲ, ನಾನಂತೂ ಆ ಬಣ್ಣದಿಂದ ಒಮ್ಮೆ ಮೋಸಹೋದವನು. ಗ್ಯಾಸಿನ ಗುಳಿಗಿ ನುಂಗಿಲ್ಲ ತಾನೆ ಎಂದು ಡಾಕ್ಟರು ಹೆಸರು ಹಿಡಿದೇ ಕೇಳಿದರು. ಮಗಳು ಬಾಯಿ ತೆರೆಯುವ ಮೊದಲೇ ತಾಯಿ ಎದ್ದು ನಿಂತಳು.

"ಹದಿನೈದು ದಿನ ಅಕಿ ಬಾಜೂಕ ಮಲಗೀನ್ರಿ. ಮೆಡಿಕಲ್ ಅಂಗಡಿಯಂವಗೂ ಕೊಡಬ್ಯಾಡ ಅಂತ ಹೇಳಿದ್ದೆ. ಉರೀತೈತಿ ಅಂತ ರಾತ್ರಿ ಅಳತಿದ್ಲ್ರಿ. ಒಂದಽ ಒಂದು ನುಂಗಗೊಟ್ಟಿಲ್ಲ ನಾನು."

ಆ ಹಳದಿಯನ್ನು ನಾನು ನಂಬಿದೆ.