ತಿರುವಿನ ಜಲ್ಲಿ

ನಾಲೆಯ ಏರಿಯ ಮೇಲಿನ ಜಲ್ಲಿ ದಾರಿ ಏಳು ಮೈಲಿ ಉದ್ದಕ್ಕೂ ಹಾಸಿದ ಚಾಪೆಯಂತೆ ಸಪಾಟಾಗಿತ್ತು. ಒಂದು ಪಕ್ಕ ನೀರು, ಇನ್ನೊಂದು ಪಕ್ಕ ಕಣ್ಣು ಹರಿಯುವಷ್ಟು ದೂರ ಗದ್ದೆ. ಎರಡೂ ತುದಿಗೆ ಸರಪಳಿ ಬಿಗಿದಿದ್ದರಿಂದ ಲಾರಿ, ಬೈಕುಗಳ ಕಾಟವಿರಲಿಲ್ಲ. ಸರಪಳಿಯ ಪಕ್ಕದಲ್ಲಿ ಒಂದು ಸೈಕಲ್ಲು ನುಸುಳುವಷ್ಟು ಸಂದಿ ಬಿಟ್ಟಿದ್ದರು. ದಾರಿ ನೋಡಿಕೊಳ್ಳುವ ಆಳು ದಿನಾ ಬೆಳಿಗ್ಗೆ ಕಬ್ಬಿಣದ ಹಲ್ಲಿನ ಹಲುಬೆಯಿಂದ ಜಲ್ಲಿ ಎಳೆದು ಗುಂಡಿಗೆ ತುಂಬಿ, ನೀರು ಚಿಮುಕಿಸಿ, ದಿಮ್ಮಸಿನಿಂದ ಬಡಿದು ಕೂರಿಸುತ್ತಿದ್ದ. ಹತ್ತೊಂಬತ್ತು ವರ್ಷದಿಂದ ಅದೇ ಕೆಲಸ. ಯಾವ ಕಲ್ಲು ಕೂತಿದೆ, ಯಾವುದು ಜಾರುತ್ತದೆ ಎಂಬುದು ಅವನ ಅಂಗಾಲಿಗೇ ಗೊತ್ತಾಗುತ್ತಿತ್ತು.

"ಅದೋ ಬಂತು ನೋಡ್ರಪ್ಪ, ಸರ್ಕಸ್ಸು!" ಎಂದು ಮೋರಿಕಟ್ಟೆಯ ಮೇಲೆ ಕೂತಿದ್ದ ಗಿರಣಿಯವನು ಕೂಗಿದ.

ದೂರದಲ್ಲಿ ಹೊಲಿಗೆಯವಳು ಬರುತ್ತಿದ್ದಳು. ನಲವತ್ತೆರಡರ ಹೆಂಗಸು. ಬೆನ್ನು ಸೆಟೆಸಿಕೊಂಡು, ಉಸಿರು ಬಿಗಿಹಿಡಿದು, ತುಂಬಿದ ಕೊಡ ಹೊತ್ತವಳ ಹಾಗೆ ಪೆಡಲು ತುಳಿಯುತ್ತಿದ್ದಳು. ಅವಳ ಹಿಂದೆ ತಮ್ಮ ತಮ್ಮ ಸೈಕಲ್ಲಿನಲ್ಲಿ, ಅವಳು ಹೊಲಿಯುವ ಬಟ್ಟೆ ಕಾರ್ಖಾನೆಯ ಪ್ಯಾಕಿಂಗಿನ ಇಬ್ಬರು ಹೆಂಗಸರು. ಕಾರ್ಖಾನೆ ನಾಲೆಯ ಆ ತುದಿಯಲ್ಲಿತ್ತು. ಎಂಟಕ್ಕೆ ಗೇಟು ಮುಚ್ಚುತ್ತಿತ್ತು, ಮೂರು ಸಲ ತಡವಾದರೆ ಹೆಸರು ಹೊಡೆದುಹಾಕುತ್ತಿದ್ದರು. ಎರಡು ಗಂಟೆ ನಡೆದು ನಡೆದು ಎರಡು ಸಲ ತಡವಾದ ಮೇಲೆಯೇ ಹೊಲಿಗೆಯವಳು ಈ ವಯಸ್ಸಿನಲ್ಲಿ ಸೈಕಲ್ಲು ಕಲಿತದ್ದು. ಲಾರಿಗಳು ಓಡಾಡುವ ರಸ್ತೆಯಲ್ಲಿ ಹೋಗುವ ಧೈರ್ಯ ಅವಳಿಗಿರಲಿಲ್ಲ. ಈ ದಾರಿ ಒಂದೇ ಅವಳ ಪಾಲಿಗೆ.

"ಏನಮ್ಮಾ, ಸೈಕಲ್ ನಿನ್ನನ್ನ ಹೊತ್ಕೊಂಡು ಹೋಗ್ತಿದೆಯೋ, ನೀನೇ ಅದನ್ನ ಹೊತ್ಕೊಂಡಿದೀಯೋ?" ಎಂದರು ಗಿರಣಿಯವನ ಪಕ್ಕ ಕೂತಿದ್ದ ನಿವೃತ್ತ ಗುಮಾಸ್ತರೊಬ್ಬರು. ಕಟ್ಟೆ ತುಂಬ ನಗು. ದಾರಿಯ ಆಳೂ ನಕ್ಕ, ಎಲ್ಲರಿಗಿಂತ ಜೋರಾಗಿ.

ಅವನ ಆ ನಗುವಿಗೆ ಕಾರಣವಿತ್ತು. ಅವಳು ಬರುವ ಮುಂಚೆ ಆ ಕಟ್ಟೆಯವರಿಗೆ ಬೆಳಗಿನ ತಮಾಷೆ ಎಂದರೆ ಅವನೇ. ದಿನವಿಡೀ ಮಣ್ಣು ಕೆದಕುತ್ತಾನೆಂದು ಅವನಿಗೆ ಹೆಗ್ಗಣ ಎಂದು ಹೆಸರಿಟ್ಟಿದ್ದರು. ಹೆಂಡತಿ ತವರಿಗೆ ಹೋದವಳು ಮರಳದಿದ್ದಾಗ, "ಬಿಲದಲ್ಲಿ ಇಬ್ಬರಿಗೆ ಜಾಗ ಸಾಲ್ಲಿಲ್ವೇನೋ?" ಎಂದು ಆರು ತಿಂಗಳು ಆಡಿಕೊಂಡಿದ್ದರು. ಸರ್ಕಸ್ಸು ಬಂದ ಮೇಲೆ ಹೆಗ್ಗಣ ಮರೆತುಹೋಯಿತು. ಕಟ್ಟೆಯ ತುದಿಯಲ್ಲಿ ಅವನಿಗೂ ಕೂರಲು ಜಾಗ ಸಿಕ್ಕಿತು, ಚಹಾದ ಲೋಟವೂ ಅವನವರೆಗೆ ಬರತೊಡಗಿತು. ಆ ಜಾಗ ಎಲ್ಲಿ ಕೈತಪ್ಪುವುದೋ ಎಂಬ ಭಯ ಅವನನ್ನು ಕಾಡುತ್ತಿತ್ತು.

ದಿನ ಕಳೆದಂತೆ ಅವಳ ತುಳಿತ ಹದಕ್ಕೆ ಬಂತು. ಹ್ಯಾಂಡಲಿನ ನಡುಕ ನಿಂತಿತು. ಕಟ್ಟೆಯ ನಗು ಸಪ್ಪೆಯಾಯಿತು.

"ಇನ್ನು ಮಜಾ ಇಲ್ಲ ಕಣ್ರೀ," ಎಂದು ಗಿರಣಿಯವನು ಆಕಳಿಸಿದ. ಆಮೇಲೆ ಆಳಿನ ಕಡೆ ತಿರುಗಿದ. "ಏನೋ ಹೆಗ್ಗಣ, ನಿನ್ನೆಂಡ್ತಿ ಕಾಗದ ಗೀಗದ ಹಾಕಿದ್ಲಾ?"

ಮರುದಿನ ಬೆಳಿಗ್ಗೆ ಅವನು ಮೋರಿಯ ತಿರುವಿನಲ್ಲಿ ಹೊಸ ಜಲ್ಲಿಯನ್ನು ಹಲುಬೆಯಿಂದ ನಡುವಿಗೆ ಎಳೆದು ಗುಡ್ಡೆ ಮಾಡಿದ. ಉರುಟು ಕಲ್ಲು. ನೀರು ಹಾಕಲಿಲ್ಲ, ದಿಮ್ಮಸು ಮುಟ್ಟಲಿಲ್ಲ. ಅವಳ ಮುಂದಿನ ಗಾಲಿ ಅದರೊಳಗೆ ಹೂತಿತು. ಅವಳು ಮಗ್ಗುಲಾಗಿ ಬಿದ್ದಳು, ಹಿಂದಿನ ಇಬ್ಬರೂ ಬ್ರೇಕು ಹಿಡಿದು ಇಳಿದರು. ಕಟ್ಟೆಯವರು ತೊಡೆ ತಟ್ಟಿಕೊಂಡು ನಕ್ಕರು. ಅವಳು ಮಂಡಿಯ ಧೂಳು ಕೊಡವಿಕೊಂಡು, ಅವರ ಜೊತೆ ತಾನೂ ನಗಲು ನೋಡಿ, ಹೊರಟುಹೋದಳು.

"ಭಲೇ!" ಎಂದು ಗುಮಾಸ್ತರು ಆಳಿನ ಬೆನ್ನು ಚಪ್ಪರಿಸಿದರು. ಅಷ್ಟು ವರ್ಷದಲ್ಲಿ ಅವರು ಅವನ ಮೈ ಮುಟ್ಟಿದ್ದು ಅದೇ ಮೊದಲು.

ವಾರದೊಳಗೆ ಅವಳು ಮತ್ತೊಮ್ಮೆ ಬಿದ್ದಳು. ಅದರ ಮರುದಿನ ತಿರುವಿಗೆ ಇನ್ನೂ ಮೂವತ್ತು ಮಾರು ಇರುವಾಗಲೇ ಸೈಕಲ್ಲಿನಿಂದ ಇಳಿದು ಅವನ ಹತ್ತಿರ ಬಂದಳು. ಮೊಣಕೈಯ ಗಾಯದ ಮೇಲೆ ಹಕ್ಕಳೆ ಕಟ್ಟಿತ್ತು.

"ಅಣ್ಣಾ, ದಾರಿ ಮಾಡೋರು ನೀವು. ನಿಮಗಿಂತ ಯಾರಿಗೆ ಗೊತ್ತು? ಆ ತಿರುವಲ್ಲಿ ಅಂಚಿಗೆ ಹೋಗ್ಲಾ, ನಡುವೆ ಹೋಗ್ಲಾ?"

ಅಂಚು ಗಟ್ಟಿಯಾಗಿತ್ತು. ಅವನೇ ಬಡಿದು ಕೂರಿಸಿದ್ದ ಅಂಚು ಅದು. ಕಟ್ಟೆಯ ಮೇಲಿನವರು ಕತ್ತು ಉದ್ದ ಮಾಡಿ ನೋಡುತ್ತಿದ್ದರು.

"ನಡುವೆ ಹೋಗವ್ವಾ," ಎಂದ. "ಅಂಚು ಕುಸಿಯುತ್ತೆ. ಸ್ವಲ್ಪ ಜೋರಾಗಿ ತುಳಿದ್ರೆ ಸಲೀಸು."

"ನಿಮ್ಮ ಹೊಟ್ಟೆ ತಣ್ಣಗಿರಲಿ," ಎಂದು ಸೈಕಲ್ಲು ಹತ್ತಿದಳು. ಜೋರಾಗಿಯೇ ತುಳಿದಳು.

ಈ ಸಲ ಅವಳು ಮಗ್ಗುಲಾಗಿ ಬೀಳಲಿಲ್ಲ, ಎಗರಿ ಮೋರಿಯ ಕಲ್ಲಿನ ಮೇಲೆ ಬಿದ್ದಳು. ಒಣಗಿದ ಕಡ್ಡಿ ಮುರಿದಂಥ ಸದ್ದಾಯಿತು. ಕಟ್ಟೆಯವರು ನಗಲು ಶುರುಮಾಡಿದ್ದರು. ಅವಳು ಎದ್ದು ಕೂತು, ಬೇರೆ ಯಾರದೋ ಕೈ ಎಂಬಂತೆ ತಿರುಚಿ ನೇತಾಡುತ್ತಿದ್ದ ತನ್ನ ಬಲಗೈಯನ್ನು ಎಡಗೈಯಲ್ಲಿ ಎತ್ತಿ ಮಡಿಲಲ್ಲಿಟ್ಟುಕೊಂಡಾಗ ನಗು ನಿಂತಿತು. ಗಿರಣಿಯವನು ಚಪ್ಪಲಿ ಮೆಟ್ಟಿಕೊಂಡು, "ಗಿರಣಿ ಬಾಗಿಲು ತೆಗೀಬೇಕು," ಎಂದು ಹೊರಟ. ಪ್ಯಾಕಿಂಗಿನ ಹೆಂಗಸರು ಅವಳನ್ನು ಎಬ್ಬಿಸಿಕೊಂಡು ಹೋದರು.

ನಾಲ್ಕನೆಯ ದಿನ ಬೆಳಿಗ್ಗೆ ಬೇಗನೆ ನಾಲೆಯ ಸೂಪರ್‌ವೈಸರ್ ಸರಪಳಿ ತೆಗೆಸಿ ಜೀಪಿನಲ್ಲಿ ಬಂದ. ಕಟ್ಟೆಯವರನ್ನೆಲ್ಲ ಕೂರಿಸಿಕೊಂಡು ವಿಚಾರಣೆ ಮಾಡಿದ. ಕೈಗೆ ಬ್ಯಾಂಡೇಜು ಸುತ್ತಿ ಕೊರಳಿಗೆ ತೂಗುಹಾಕಿಕೊಂಡಿದ್ದ ಹೊಲಿಗೆಯವಳೂ ಕೆಲಸಕ್ಕೆ ಹೊರಟಿದ್ದ ಪ್ಯಾಕಿಂಗಿನ ಇಬ್ಬರ ಜೊತೆ ಬಂದು ನಿಂತಿದ್ದಳು.

"ಇವತ್ತು ಕೈ ಮುರೀತು, ನಾಳೆ ಯಾರಾದ್ರೂ ನೀರಿಗೆ ಬಿದ್ರೆ ನನ್ನ ತಲೆ ಹೋಗುತ್ತೆ," ಎಂದ ಸೂಪರ್‌ವೈಸರ್. "ಸೈಕಲ್ ನಿಷೇಧ ಅಂತ ಬೋರ್ಡ್ ಹಾಕಿಸ್ತೀನಿ."

"ಹಾಕ್ಸಿ ಸಾರ್," ಎಂದರು ಗುಮಾಸ್ತರು. "ಈಯಮ್ಮನಿಗೆ ಸೈಕಲ್ ಬರೋದೇ ಇಲ್ಲ. ನಾವೇ ಕಣ್ಣಾರೆ ನೋಡಿದೀವಿ, ಮೂರು ಸಲ ಬಿದ್ಲು."

"ಸಾರ್, ಕೈ ಎರಡು ತಿಂಗಳಿಗೆ ಕೂಡುತ್ತೆ," ಎಂದಳು ಹೊಲಿಗೆಯವಳು. "ಅಲ್ಲೀವರೆಗೂ ಕಾಯ್ತೀವಿ ಅಂದಿದಾರೆ ಕಾರ್ಖಾನೇಲಿ. ದಾರಿ ಹೋದ್ರೆ ಕೆಲಸವೂ ಹೋಯ್ತು. ಇವರಿಬ್ಬರದ್ದೂ ಹೋಯ್ತು."

"ಬರದೇ ಇರೋ ವಿದ್ಯೆ ಯಾಕಮ್ಮಾ ಬೇಕು ನಿಮಗೆ?"

ಅವಳು ದಾರಿಯ ಆಳಿನ ಕಡೆ ನೋಡಿದಳು. "ನನಗೆ ಬರುತ್ತೋ ಇಲ್ವೋ, ಇವರನ್ನ ಕೇಳಿ."

ಎಲ್ಲರ ಕಣ್ಣೂ ಅವನ ಮೇಲೆ ಬಿತ್ತು. ಗಿರಣಿಯವನು ಕಣ್ಣಲ್ಲೇ ಗದರಿಸಿದ.

"ಬರುತ್ತೆ ಸಾರ್," ಎಂದ ಆಳು. "ಚೆನ್ನಾಗೇ ಬರುತ್ತೆ. ನಾನೇ ಸಡಿಲು ಜಲ್ಲಿ ನಡುವಿಗೆ ಎಳೆದಿಟ್ಟಿದ್ದೆ. ನಡುವೆ ಹೋಗು ಅಂತ ಹೇಳಿದ್ದೂ ನಾನೇ."

"ಯಾಕೋ?"

"ನಗೋಕೆ."

"ಛೆ ಛೆ ಛೆ!" ಎಂದು ಗುಮಾಸ್ತರು ಎದ್ದು ನಿಂತರು. "ಎಂಥಾ ಕಟುಕನಯ್ಯಾ ನೀನು! ನಮಗೆ ಗೊತ್ತೇ ಇಲ್ಲ ಸಾರ್ ಇದೆಲ್ಲ." ಗಿರಣಿಯವನು ಪಕ್ಕಕ್ಕೆ ತಿರುಗಿ ಉಗಿದ.

ಸೂಪರ್‌ವೈಸರ್ ಹಲುಬೆ, ದಿಮ್ಮಸು ಎರಡನ್ನೂ ಜೀಪಿಗೆ ಹಾಕಿಸಿಕೊಂಡ. "ನಾಳೆಯಿಂದ ಬರಬೇಡ. ಕಾಗದ ಮನೆಗೆ ಬರುತ್ತೆ," ಎಂದ. ಬೋರ್ಡಿನ ಮಾತು ಮತ್ತೆ ಎತ್ತಲಿಲ್ಲ.

ಜೀಪು ಹೋದ ಮೇಲೆ ಅವನು ಹೊಲಿಗೆಯವಳ ಮುಂದೆ ಬಂದು ನಿಂತ. "ತಪ್ಪಾಯ್ತವ್ವಾ."

"ಮೊದಲನೇ ಸಲ ಬಿದ್ದಾಗಲೇ ಹಲುಬೆ ಗೆರೆ ನೋಡಿದ್ದೆ," ಎಂದಳು ಅವಳು. ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಆಯಾಸವಿತ್ತು. "ಅದಕ್ಕೇ ನಿಮ್ಮನ್ನೇ ಕೇಳಿದ್ದು. ಅಣ್ಣಾ ಅಂತ ಬಾಯಿ ತುಂಬ ಕರೆದು ಕೇಳಿದ್ರೆ ಸುಳ್ಳು ಹೇಳೋಕಾಗಲ್ಲ ಅಂದ್ಕೊಂಡೆ. ಆದ್ರೂ ಸುಳ್ಳೇ ಹೇಳಿಬಿಟ್ರಿ." ಹಾಗೆಂದು ನಡೆದುಹೋದಳು.

ಆ ದಿನವೆಲ್ಲ ಅವನು ತಿರುವಿನಲ್ಲಿ ಕುಕ್ಕರಗಾಲಲ್ಲಿ ಕೂತು, ಸಡಿಲು ಜಲ್ಲಿಯನ್ನು ಬೊಗಸೆಯಲ್ಲಿ ಎತ್ತಿ ಹಾಕಿದ. ಹಳೆಯ ಡಬ್ಬದಲ್ಲಿ ನಾಲೆಯ ನೀರು ಮೊಗೆದು ಸುರಿದ. ದಿಮ್ಮಸಿನ ಬದಲು ದಪ್ಪ ಕಲ್ಲೊಂದನ್ನು ಎರಡೂ ಕೈಯಲ್ಲಿ ಎತ್ತಿ ಎತ್ತಿ ಕುಟ್ಟಿದ. ಕಟ್ಟೆಯ ಮೇಲಿನವರು ಅವನಿಗೆ ಬೆನ್ನು ಹಾಕಿ ಕೂತಿದ್ದರು. ಸಂಜೆಗೆ ಅವನ ಉಗುರು ಕಿತ್ತು ರಕ್ತ ಬಂದಿತ್ತು, ತಿರುವು ಮಾತ್ರ ಕಲ್ಲಿನಷ್ಟು ಗಟ್ಟಿಯಾಗಿತ್ತು.

ಕಾರ್ಖಾನೆ ಬಿಟ್ಟು ಪ್ಯಾಕಿಂಗಿನ ಇಬ್ಬರೂ ಬಂದರು. ಅವನನ್ನು ಕಂಡವರೇ ದೂರದಲ್ಲಿಯೇ ಸೈಕಲ್ಲಿನಿಂದ ಇಳಿದರು.

"ಕೂತಿದೆ ಕಣ್ರವ್ವಾ, ಬಡಿದಿದೀನಿ. ಹತ್ಕೊಂಡೇ ಹೋಗಿ," ಎಂದ.

ಅವರು ಮುಖ ಮುಖ ನೋಡಿಕೊಂಡರು. ಅವರಲ್ಲಿ ಹಿರಿಯಳು, "ನೀವು ದಾರಿ ಬಿಡಿ ಮೊದಲು," ಎಂದಳು.

ಅವನು ಏರಿಯಿಂದ ಇಳಿದು, ಗದ್ದೆಯ ಕೆಸರಿನಲ್ಲಿ ಹತ್ತು ಮಾರು ದೂರ ಹೋಗಿ ನಿಂತ. ಅವರು ಚಪ್ಪಲಿಯ ತುದಿಯಿಂದ ಒತ್ತಿ ಒತ್ತಿ ನೋಡುತ್ತ, ಅಂಚಿನ ಹುಲ್ಲಿನ ಮೇಲೆಯೇ ಸೈಕಲ್ಲು ತಳ್ಳಿಕೊಂಡು ತಿರುವು ದಾಟಿದರು. ದಾಟಿದ ಮೇಲೆ ಹತ್ತಿದರು.