ಎರಡೇ ಎರಡು ಮಾತ್ರೆ

ಕಾಲರ್ ಹೊಲಿಯುವವಳಿಗೆ ಆರು ತಿಂಗಳು ತುಂಬಿತ್ತು, ಮೈ ಕೆಂಡದಂತೆ ಸುಡುತ್ತಿತ್ತು. ಆಸ್ಪತ್ರೆಯ ಮಂಚದಲ್ಲಿ ಮಲಗಿ, ಕೈಗೆ ಚುಚ್ಚಿದ ಸೂಜಿ ನೋಡುತ್ತಾ, ಒಬ್ಬೊಬ್ಬರನ್ನೇ ಹಿಡಿದು ಮನಸಾರೆ ಬೈಯುತ್ತಿದ್ದಳು. ಜ್ವರಕ್ಕೆ ನಾಲಿಗೆ ಒಣಗಿತ್ತೇ ಹೊರತು ಬಾಯಿ ಬಿದ್ದಿರಲಿಲ್ಲ.

ಮೊದಲ ಪಾಲು ಬಟ್ಟೆ ಕಾರ್ಖಾನೆಯ ಮ್ಯಾನೇಜರನದು. ಆ ಮಹಾನುಭಾವನ ಪ್ರಕಾರ ಹೆಂಗಸಿಗೆ ಎರಡು ಕೈ ಇವೆ, ಮಿಕ್ಕಿದ್ದೇನೂ ಇಲ್ಲ. ಇಡೀ ಹೊಲಿಗೆ ಸಾಲಿಗೆ ಒಂದೇ ಟೋಕನ್. ಅದು ಕೈಗೆ ಬಂದರಷ್ಟೇ ಶೌಚಾಲಯ. ಬಟ್ಟೆ ಕತ್ತರಿಸುವ ಗಂಡಸರು ಸಿಗರೇಟಿಗೆಂದು ಎಷ್ಟು ಸಲ ಹೊರಗೆ ಹೋದರೂ ಕೇಳುವವರಿಲ್ಲ. ಬಸುರಿ ಎರಡನೇ ಸಲ ಎದ್ದರೆ ಮಾತ್ರ, "ಏನಮ್ಮಾ, ಅಲ್ಲೇ ಮನೆ ಮಾಡ್ತೀಯಾ?" ಎಂದು ಊರಿಗೆಲ್ಲ ಕೇಳುವಂತೆ ಅರಚುತ್ತಿದ್ದ. ಮಾನಕ್ಕೆ ಅಂಜಿ ಹೆಂಗಸರು ನೀರು ಕುಡಿಯುವುದನ್ನೇ ಬಿಟ್ಟಿದ್ದರು.

ಟೋಕನ್ ಇಟ್ಟುಕೊಳ್ಳುತ್ತಿದ್ದ ಸೂಪರ್‌ವೈಸರ್ ಬೇರೆ ಯಾರೂ ಅಲ್ಲ, ಅವಳದೇ ಓರಗಿತ್ತಿ, ಗಂಡನ ಅಣ್ಣನ ಹೆಂಡತಿ. ಕೆಟ್ಟವಳಾಗಿದ್ದರೆ ಜಗಳವಾಡಿ ಮುಗಿಸಬಹುದಿತ್ತು. ಆಕೆ ಒಳ್ಳೆಯವಳು, ಅದೇ ಗ್ರಹಚಾರ. ಉರಿಮೂತ್ರವೆಂದು ಯಾರು ಮುಖ ಕಿವುಚಿದರೂ ಕೈಚೀಲದಿಂದ ಮಾತ್ರೆ ತೆಗೆಯುತ್ತಿದ್ದಳು. ಔಷಧಿ ಅಂಗಡಿಯವನು ಚೀಟಿ ಕೇಳದೆ ಕೊಡುವ ಮಾತ್ರೆ. "ಎರಡೇ ಎರಡು ನುಂಗು, ಉರಿ ಹೋಗುತ್ತೆ. ಉಳಿದಿದ್ದು ಇನ್ನೊಬ್ಬಳಿಗಿರಲಿ" ಎನ್ನುತ್ತಿದ್ದಳು. ಉರಿ ಹೋಗುತ್ತಿತ್ತು, ಮತ್ತೆ ಬರುತ್ತಿತ್ತು. ಕಾಲರಿನವಳು ಬಸುರಿಯಾದ ಮೇಲೂ ಹೀಗೇ ನುಂಗಿದ್ದಳು. ಈ ಸಲ ಮಾತ್ರ ಉರಿ ಹೋಗಲಿಲ್ಲ. ಚಳಿ ಬಂತು, ಸೊಂಟ ಹಿಡಿಯಿತು, ಹೊಟ್ಟೆ ಆಗಾಗ ಗಟ್ಟಿಯಾಗತೊಡಗಿತು.

ಓರಗಿತ್ತಿ ಊಟದ ಬಿಡುವಿನಲ್ಲಿ ನೋಡಲು ಬಂದಾಗ ಡಾಕ್ಟರಮ್ಮ ಮಂಚದ ಪಕ್ಕದಲ್ಲೇ ಇದ್ದರು.

"ಮೂತ್ರದಲ್ಲಿದ್ದ ಕ್ರಿಮಿ ಬೆಳೆಸಿ, ಒಂದೊಂದೇ ಔಷಧಿ ಹಾಕಿ ನೋಡಿದ್ವಿ. ಮಾತ್ರೆ ಒಂದಕ್ಕೂ ಅದು ಜಗ್ಗಲ್ಲ. ಅರ್ಧಂಬರ್ಧ ಕೊಟ್ಟು ಕೊಟ್ಟು ಅದನ್ನ ಚೆನ್ನಾಗಿ ಪಳಗಿಸಿಟ್ಟಿದೀರ. ಸೋಂಕು ಕಿಡ್ನಿಗೆ ಏರಿದೆ. ಇನ್ನು ಉಳಿದಿರೋದು ಈ ಇಂಜೆಕ್ಷನ್ ಒಂದೇ. ಇದೂ ಹಿಡೀದಿದ್ರೆ ಮಗು ಈಗಲೇ ಹುಟ್ಟಿಬಿಡಬಹುದು. ಇಷ್ಟು ಬೇಗ ಹುಟ್ಟಿದ್ರೆ ಉಳಿಸ್ಕೊಳ್ಳೋದು ಕಷ್ಟ."

ಡಾಕ್ಟರಮ್ಮ ಪಕ್ಕದ ಮಂಚಕ್ಕೆ ಹೋದರು. ಓರಗಿತ್ತಿ ಸೆರಗಿನಲ್ಲಿ ಕಣ್ಣೊರೆಸಿಕೊಂಡಳು. "ನಿನ್ನ ಒಳ್ಳೇದಕ್ಕೇ ಕೊಟ್ಟೆ ಕಣೇ."

"ನೀರು ಕುಡಿಯೋಕೆ ಬಿಡ್ಲಿಲ್ಲ, ಎದ್ದು ಹೋಗೋಕೆ ಬಿಡ್ಲಿಲ್ಲ. ಮಾತ್ರೆ ಮಾತ್ರ ಧಾರಾಳ! ಅದ್ಯಾವ ಸೀಮೆ ಒಳ್ಳೇದು, ಅಕ್ಕಾ?"

"ಪೀಸು ಕಮ್ಮಿ ಆದ್ರೆ ಆ ಮ್ಯಾನೇಜರ್ ನನ್ನ ಹುರಿದು ಮುಕ್ತಾನೆ. ನಾನೇನು ಮಾಡ್ಲಿ?"

ಆಕೆಯ ಕಣ್ಣೀರು ನೋಡಿ ಕಾಲರಿನವಳಿಗೆ ಕರುಣೆ ಬರಲಿಲ್ಲ. ಮೈಯೆಲ್ಲ ಉರಿದುಹೋಯಿತು. "ಅಳು ಸಾಕು. ಇನ್ನೂ ಯಾರಿಗೆ ಕೊಟ್ಟಿದೀಯ, ಅದನ್ನ ಹೇಳು."

ಓರಗಿತ್ತಿಯ ಮುಖ ಬಿಳಿಚಿಕೊಂಡಿತು. "ಕಾಜಾ ಹುಡುಗಿಗೆ. ಇವತ್ತು ಬೆಳಿಗ್ಗೆ ಎರಡು ಕೊಟ್ಟೆ."

ಗುಂಡಿಗೆ ಕಾಜಾ ಹೊಲಿಯುವ ಆ ಹುಡುಗಿಗೂ ಐದು ತಿಂಗಳು.

"ಬರೀ ಉರಿನಾ?"

"ಚಳಿ ಚಳಿ ಅಂತಿದ್ಲು. ಸೊಂಟಾನೂ..."

"ಅಯ್ಯೋ, ಫೋನ್ ಮಾಡು ಅಕ್ಕಾ!"

"ಫೋನೆಲ್ಲ ಗೇಟಲ್ಲೇ ಇಸ್ಕೋತಾರಲ್ಲೇ."

"ಹಾಗಾದ್ರೆ ಓಡು! ಅವಳನ್ನ ಇಲ್ಲಿಗೆ ಎಳ್ಕೊಂಡು ಬಾ."

"ಇವತ್ತು ಲಾರಿಗೆ ಮಾಲು ತುಂಬಿ ಕಳಿಸೋ ದಿನ. ಸಾಲಿಂದ ಒಬ್ಬಳನ್ನ ಎಬ್ಬಿಸಿದ್ರೂ ಅವನು..."

ಕಾಲರಿನವಳು ಓರಗಿತ್ತಿಯ ಕೈಯನ್ನು ಸರಕ್ಕನೆ ಎಳೆದು ತನ್ನ ಹೊಟ್ಟೆಯ ಮೇಲೆ ಒತ್ತಿ ಹಿಡಿದಳು. "ಇದನ್ನ ಅವನಿಗೆ ಹೇಳು."

ಆ ಅಂಗೈಯ ಕೆಳಗೇ ಹೊಟ್ಟೆ ಮೆಲ್ಲಗೆ ಬಿಗಿದು, ಕಲ್ಲಿನಂತಾಯಿತು. ಮೂರು ಹೆತ್ತ ಓರಗಿತ್ತಿಗೆ ಅದೇನೆಂದು ಯಾರೂ ಹೇಳಬೇಕಿರಲಿಲ್ಲ. "ಡಾಕ್ಟರಮ್ಮಾ!" ಎಂದು ಕೂಗಿದವಳೇ, ಬಿಟ್ಟ ಚಪ್ಪಲಿಯನ್ನೂ ಮೆಟ್ಟದೆ ಕಾರ್ಖಾನೆಗೆಂದು ಬಾಗಿಲ ಕಡೆ ಓಡಿದಳು.

ಕಾಲರಿನವಳು ಹಲ್ಲು ಕಚ್ಚಿಕೊಂಡು ಹೊಟ್ಟೆ ಸಡಿಲಾಗುವುದನ್ನೇ ಕಾದಳು. ಈ ಸಲ ಅದಕ್ಕೆ ತುಂಬಾ ಹೊತ್ತು ಹಿಡಿಯಿತು.